ಬಾಯಿ ಇಲ್ಲದ ಕಾರು

ನೀರು ಸರಬರಾಜು ಕಚೇರಿಯ ಆ ಗುಮಾಸ್ತರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕು. ಆದರೆ ಅದು ಅವರ ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕಚೇರಿಯಲ್ಲಿ, ಬೀದಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವರು ಬರೀ ‘ಆಯ್ತುಬಿಡಿ’. ಯಾರು ಏನು ಹೇಳಿದರೂ ಅವರ ಬಾಯಿಂದ ಮೊದಲು ಉದುರುತ್ತಿದ್ದ ಮಾತು ಅದೇ. ‘ನಲ್ಲೀಲಿ ನೀರು ಬರ್ತಿಲ್ಲ’ ಅಂದರೂ ಆಯ್ತು ಬಿಡಿ, ‘ನಿಮ್ಮ ಮೇಲೆ ದೂರು ಕೊಡ್ತೀನಿ’ ಅಂದರೂ ಆಯ್ತು ಬಿಡಿ. ಇಂಥವರಿಗೆ ಶತ್ರುಗಳಿರುವುದಿಲ್ಲ. ಮರ್ಯಾದೆ ಕೊಡುವವರೂ ಇರುವುದಿಲ್ಲ, ಅದು ಬೇರೆ ಮಾತು.

ಹೀಗೆ ಎಲ್ಲದಕ್ಕೂ ತಲೆಯಾಡಿಸುವ ಮನುಷ್ಯ ಒಂದು ದಿನ ತಾನಾಗಿಯೇ ಎದ್ದು ನಿಂತು, ‘ಮದುಮಗಳನ್ನ ನಾನೇ ನನ್ನ ಕಾರಲ್ಲಿ ಕರ್ಕೊಂಡು ಬರ್ತೀನಿ’ ಅಂದುಬಿಟ್ಟರು. ಹೆಂಡತಿಯ ತಂಗಿಯ ಮದುವೆ ನೋಂದಣಿ ಕಚೇರಿಯಲ್ಲಿ ಸರಳವಾಗಿ ಆಗುವುದೆಂದು ತೀರ್ಮಾನವಾಗಿತ್ತು. ಮಾತುಕತೆಗೆ ಬಂದಿದ್ದ ಹುಡುಗನ ದೊಡ್ಡಪ್ಪ, ಟಿಂಬರ್ ಡಿಪೋ ಸಾಹುಕಾರರು, ಕಿಟಕಿಯಿಂದಾಚೆ ಬೀದಿಯಲ್ಲಿ ನಿಂತಿದ್ದ ಆಯ್ತುಬಿಡಿಯವರ ಹಳೇ ಡೀಸೆಲ್ ಕಾರನ್ನು ನೋಡಿದರು. ಬಿಸಿಲಿಗೆ ಬಣ್ಣ ಸುಲಿದು, ಬಾಗಿಲಿನ ಕೆಳಗೆ ತುಕ್ಕು ತಿಂದು, ಎರಡು ಕೈ ಬದಲಾಯಿಸಿ ಇವರ ಕೈಗೆ ಬಂದಿದ್ದ ಗಾಡಿ ಅದು.

‘ಅದು ಓಡುತ್ತಾ?’ ಎಂದರು ಸಾಹುಕಾರರು. ಆಮೇಲೆ ಹುಡುಗಿಯ ಅಪ್ಪನ ಕಡೆ ತಿರುಗಿದರು. ‘ನೋಡಿ ಮೇಷ್ಟ್ರೇ, ನಿಮ್ಮ ಮನೆಯವರು ಒಂದು ಕೆಲಸ ನೆಟ್ಟಗೆ ಮಾಡಿದ್ದು ನಾನು ಕಂಡಿಲ್ಲ. ಈ ಸಂಬಂಧಾನೇ ನನಗೆ ಅಷ್ಟಕ್ಕಷ್ಟೆ. ಆ ನೋಂದಣಿ ಅಧಿಕಾರಿ ಅವತ್ತು ಹನ್ನೆರಡಕ್ಕೆ ಬೀಗ ಹಾಕ್ಕೊಂಡು ಉದ್ದನೆಯ ರಜಾ ಮೇಲೆ ಹೋಗ್ತಾರೆ. ಅಷ್ಟರೊಳಗೆ ಹುಡುಗಿ ಬಂದ್ರೆ ಸರಿ. ಇಲ್ದಿದ್ರೆ ಈ ಮಾತನ್ನ ಇಲ್ಲಿಗೇ ಬಿಡೋಣ.’

ಹುಡುಗ ಏನೋ ಹೇಳಲು ಬಾಯಿ ತೆರೆದ. ದೊಡ್ಡಪ್ಪ ಒಮ್ಮೆ ನೋಡಿದ್ದೇ ತಡ, ಮುಚ್ಚಿಕೊಂಡ. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನಾದಿನಿಯ ಕಣ್ಣಲ್ಲಿ ನೀರು ತುಂಬಿತು. ಅದನ್ನು ಆಯ್ತುಬಿಡಿಯವರು ಕಂಡರು. ಇಂಥ ಹೊತ್ತಿನಲ್ಲಿ ಜಾಣರು ಬಾಡಿಗೆ ಕಾರು ಗೊತ್ತು ಮಾಡುತ್ತಾರೆ. ಇವರು ಪೇಂಟರನ್ನು ಗೊತ್ತು ಮಾಡಿದರು.

ಪೇಂಟರ್ ಅಂದರೆ ಪಕ್ಕದ ಮನೆಯವನೇ. ಜೀವಮಾನವಿಡೀ ಅಂಗಡಿ ಬೋರ್ಡು ಬರೆದವನು, ಕಾರಿನ ಮೇಲೆ ಕೈ ಇಟ್ಟವನಲ್ಲ. ‘ಬೋರ್ಡೇನು, ಕಾರೇನು ಸಾರ್, ಎರಡೂ ತಗಡು ತಾನೆ?’ ಅಂದ. ಮದುವೆಯ ಹಿಂದಿನ ವಾರವಿಡೀ ಕಾರಿನ ಸುತ್ತ ಕೂತು ಉಜ್ಜಿದ, ತಿಕ್ಕಿದ, ತಗ್ಗು ಕಂಡಲ್ಲೆಲ್ಲ ಪುಟ್ಟಿ ಮೆತ್ತಿದ, ಮೇಲೆ ಕೆನೆ ಬಣ್ಣ ಬಳಿದ. ಬೀದಿಯವರೆಲ್ಲ ಬಂದು ನೋಡಿ, ಬೆರಳಿನಿಂದ ಸವರಿ, ‘ಪರವಾಗಿಲ್ವೇ!’ ಎಂದರು. ಕಾರು ಕಡೆದಿಟ್ಟ ಬೆಣ್ಣೆಯ ಹಾಗೆ ನುಣ್ಣಗೆ ಹೊಳೆಯಿತು. ಎಲ್ಲೂ ಒಂದು ಗೀಟಿಲ್ಲ, ಒಂದು ಬಿರುಕಿಲ್ಲ. ಆಯ್ತುಬಿಡಿಯವರ ಎದೆ ಅವತ್ತು ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

ಮದುವೆಯ ದಿನ ಮುಂದಿನ ಸೀಟಿನಲ್ಲಿ ಮಾವ, ಹಿಂದೆ ಹೆಂಡತಿ, ಅವಳ ಪಕ್ಕದಲ್ಲಿ ಹೊಸ ಬಟ್ಟೆಯ ನಾದಿನಿ. ಮಾವ ನಿವೃತ್ತ ಹೆಡ್‌ಮಾಸ್ಟರು, ಗಣಿತದವರು. ಅವರು ಸುಳ್ಳು ಹೇಳುವುದನ್ನು ಕಂಡವರಿಲ್ಲ. ಅದಕ್ಕೇ ಅವರ ಹತ್ತಿರ ಅಭಿಪ್ರಾಯ ಕೇಳುವವರೂ ಇರಲಿಲ್ಲ. ಕಾರು ಮುಖ್ಯರಸ್ತೆಗೆ ಬರುತ್ತಿದ್ದಂತೆ ಅವರು ಕನ್ನಡಕ ಏರಿಸಿ ಡೀಸೆಲ್ ತೋರಿಸುವ ಮುಳ್ಳನ್ನು ನೋಡಿದರು.

‘ಅಳಿಯಂದ್ರೇ, ಈ ಮುಳ್ಳು ಕೆಂಪು ಗೀಟಿನ ಕೆಳಗಿದೆ.’

‘ಆಯ್ತು ಬಿಡಿ ಮಾವ, ಈಗ ಹಾಕಿಸ್ತೀನಿ’ ಎಂದು ಆಯ್ತುಬಿಡಿಯವರು ಗತ್ತಿನಿಂದ ಸ್ಟೀರಿಂಗ್ ತಿರುಗಿಸಿ ದಾರಿಯ ಬಂಕಿಗೆ ನುಗ್ಗಿದರು.

ಬಂಕಿನವನು ಪೈಪು ಹಿಡಿದು ಕಾರಿನ ಬಲಗಡೆಗೆ ಬಂದ. ನೋಡಿದ. ಎಡಗಡೆಗೆ ಹೋದ. ನೋಡಿದ. ಹಿಂದೆ ಹೋದ, ಬಗ್ಗಿದ, ತಲೆ ಕೆರೆದುಕೊಂಡ.

‘ಸಾರ್, ಡೀಸೆಲ್ ಎಲ್ಲಿ ಹಾಕೋದು?’

‘ಟ್ಯಾಂಕಿಗೆ ಹಾಕಪ್ಪ!’

‘ಟ್ಯಾಂಕಿಗೆ ಬಾಯಿ ಎಲ್ಲಿದೆ?’

ಆಯ್ತುಬಿಡಿಯವರು ಇಳಿದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು, ಇನ್ನೊಂದು ಬಂದರು. ಹಿಂದಿನ ಚಕ್ರದ ಮೇಲೆ ಇಷ್ಟಗಲದ ಒಂದು ಮುಚ್ಚಳ ಇರಬೇಕಾಗಿತ್ತು. ಇರಲಿಲ್ಲ. ಅದು ಬಲಕ್ಕಿತ್ತೋ ಎಡಕ್ಕಿತ್ತೋ ಎಂಬುದೇ ಆ ಗಳಿಗೆಯಲ್ಲಿ ಅವರಿಗೆ ಮರೆತುಹೋಯಿತು. ಒಳಗೆ ಸೀಟಿನ ಪಕ್ಕದಲ್ಲಿ ಮುಚ್ಚಳ ಬಿಡಿಸುವ ಹಿಡಿಯೊಂದಿತ್ತಲ್ಲ, ಅದನ್ನು ಜಗ್ಗಿದರು. ‘ಟಕ್’ ಎಂದು ಅದು ತಂತಿಯ ಸಮೇತ ಕೈಗೇ ಬಂತು. ಬೆವರು ಒರೆಸಿಕೊಳ್ಳುತ್ತಾ ಪೇಂಟರನಿಗೆ ಫೋನ್ ಹಚ್ಚಿದರು.

‘ಯಾವ ಮುಚ್ಚಳ ಸಾರ್? ಓ, ಹಿಂದುಗಡೆ ಚೌಕಾಕಾರವಾಗಿ ಬಿರುಕು ಬಿಟ್ಟಿತ್ತಲ್ಲ, ಅದಾ? ಅದು ಮಾತ್ರ ಬಾಳ ಆಟ ಆಡಿಸ್ತು. ಒಂದ್ಸಲ ಪುಟ್ಟಿ ತುಂಬಿದ್ರೆ ಮತ್ತೆ ಗೆರೆ ಕಾಣ್ತಿತ್ತು. ನಾನು ಬಿಡ್ತೀನಾ? ಮತ್ತೆ ತುಂಬಿದೆ, ಒಣಗಿಸಿದೆ, ಮತ್ತೆ ತುಂಬಿದೆ. ಈಗ ಆನೆ ಬಂದು ಒದ್ರೂ ಬಿಚ್ಚಲ್ಲ. ಗ್ಯಾರಂಟಿ ಸಾರ್!’

ಹೀಗೆ ಗ್ಯಾರಂಟಿ ಕೊಡುವ ಕೆಲಸಗಾರ ಸಿಗುವುದೇ ಅಪರೂಪ. ಆದರೂ ಆಯ್ತುಬಿಡಿಯವರಿಗೆ ಅವನನ್ನು ಹೊಗಳುವ ಮನಸ್ಸಾಗಲಿಲ್ಲ.

‘ಒಂದು ಉಳಿ ಸುತ್ತಿಗೆ ತರ್ತೀನಿ ಸಾರ್, ಅಂದಾಜಿನ ಮೇಲೆ ಒಡೆಯೋಣ’ ಎಂದ ಬಂಕಿನವನು.

‘ಆಯ್ತು ಬಿ...’ ಎನ್ನುವಷ್ಟರಲ್ಲಿ ಹಿಂದೆ ದೊಡ್ಡದೊಂದು ಹಾರನ್ ಕೇಳಿಸಿತು. ಕಪ್ಪಗೆ ಮಿಂಚುವ, ಮೊನ್ನೆ ಮೊನ್ನೆ ಶೋರೂಮಿನಿಂದ ಇಳಿದ, ಲಾರಿಯ ಎತ್ತರದ ಡೀಸೆಲ್ ಗಾಡಿ. ಅದರಿಂದ ಕತ್ತು ಹೊರಗೆ ಹಾಕಿದವರು ಟಿಂಬರ್ ಸಾಹುಕಾರರು. ಪಕ್ಕದಲ್ಲಿ ಮದುಮಗ, ಹಿಂದೆ ಸಾಹುಕಾರರ ಹೆಂಡತಿ.

‘ರೀ, ಅವರ ಮುಂದೆ ಕಾರನ್ನ ಒಡೆಸಿದ್ರೋ, ನಾನು ಇಲ್ಲೇ ಇಳಿದು ನಡ್ಕೊಂಡು ಹೋಗ್ತೀನಿ’ ಎಂದಳು ಹೆಂಡತಿ, ಹಲ್ಲು ಕಚ್ಚಿ, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು.

‘ಏನಾಯ್ತ್ರೀ?’ ಎಂದು ಇಳಿದು ಬಂದ ಸಾಹುಕಾರರು ಬಂಕಿನವನನ್ನು ಕೇಳಿದರು. ‘ಯಾಕೆ ಹಾಕ್ತಿಲ್ಲ ಡೀಸೆಲ್ಲು?’

‘ಈ ಗಾಡಿಗೆ ಡೀಸೆಲ್ ಹಾಕೋಕೆ ಜಾಗಾನೇ ಇಲ್ಲ ಸಾರ್!’

ಸಾಹುಕಾರರು ಕಾರನ್ನು ಬಲದಿಂದ ನೋಡಿದರು, ಎಡದಿಂದ ನೋಡಿದರು, ಹಿಂದೆ ನಿಂತು ನೋಡಿದರು. ಅವರ ಹುಬ್ಬು ಮೇಲೇರಿತು. ತಮಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೋ ಇದೆ ಎಂದು ಒಪ್ಪಿಕೊಳ್ಳುವ ಜಾತಿಯಲ್ಲ ಅವರು.

‘ಓಹೋ... ಬ್ಯಾಟರಿ ಗಾಡಿ ಮಾಡಿಸಿಬಿಟ್ಟಿದ್ದೀರಿ! ಹಳೇ ಇಂಜಿನ್ ತೆಗೆಸಿ ಒಳಗೆ ಬ್ಯಾಟರಿ ಕೂರಿಸ್ತಾರೆ ಅಂತ ಕೇಳಿದ್ದೆ. ಅದೇ ತಾನೆ?’

ಇಲ್ಲ ಎನ್ನುವ ಮಾತು ಆಯ್ತುಬಿಡಿಯವರ ಗಂಟಲಿನವರೆಗೆ ಬಂತು. ಆದರೆ ಹುಟ್ಟಿನಿಂದ ಆ ದಾರಿಯಲ್ಲಿ ಬೇರೊಂದು ಮಾತು ಓಡಾಡಿ ಅಭ್ಯಾಸ.

‘ಆಯ್ತು ಬಿಡಿ’ ಎಂದರು.

‘ಮತ್ತೆ ಬಂಕಿಗೆ ಯಾಕೆ ಬಂದ್ರಿ?’

‘ಗಾಳಿ’ ಎಂದಳು ಹಿಂದಿನ ಸೀಟಿನಿಂದ ಹೆಂಡತಿ. ‘ಚಕ್ರಕ್ಕೆ ಗಾಳಿ ಹಿಡಿಸೋಕೆ.’

ಸಾಹುಕಾರರ ಅನುಮಾನ ಪೂರ್ತಿ ಹೋಗಲಿಲ್ಲ. ಮುಂದಿನ ಕಿಟಕಿಗೆ ಬಗ್ಗಿ, ‘ಹೌದಾ ಮೇಷ್ಟ್ರೇ? ನೀವು ಹೇಳಿದ್ರೆ ನಂಬ್ತೀನಿ’ ಎಂದರು.

ಮಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಹಿಂದೆ ಕಿರಿಮಗಳು ಬಿಕ್ಕಿದ್ದು ಅವರಿಗೆ ಕೇಳಿಸಿರಬೇಕು.

‘ನನ್ನ ಅಳಿಯ ಈ ಕಾರಿಗೆ ಡೀಸೆಲ್ ಹಾಕಿಸಿದ್ದನ್ನ,’ ಎಂದು ಒಂದೊಂದೇ ಪದ ತೂಗಿ ಹೇಳಿದರು, ‘ಇವತ್ತು ನಾನು ಕಣ್ಣಾರೆ ನೋಡಿಲ್ಲ.’

ಸಾಹುಕಾರರ ಮುಖ ಸಣ್ಣಗಾಯಿತು. ಈ ಸಂಬಂಧದಲ್ಲಿ ತಮಗಿಂತ ಹೊಸ ಗಾಡಿ ಇನ್ನೊಬ್ಬರ ಹತ್ತಿರ ಇದೆಯೆಂದರೆ ಹೇಗಾಗಬೇಡ! ‘ಇರಲಿ ಬಿಡ್ರೀ, ಡೀಸೆಲ್ಲಿನ ತಾಕತ್ತೇ ತಾಕತ್ತು. ಏಯ್, ನನಗೆ ಫುಲ್ ಟ್ಯಾಂಕ್ ಹಾಕು!’ ಎಂದು ಕೂಗಿ, ಕುತ್ತಿಗೆಯವರೆಗೂ ತುಂಬಿಸಿಕೊಂಡು, ಇವರ ಮುಖದ ಮೇಲೆ ಧೂಳು ಹಾರಿಸಿ ಭರ್ರೆಂದು ಹೋದರು. ಹೋಗುವಾಗ ಕೈ ಹೊರಗೆ ಹಾಕಿ ಗಡಿಯಾರವನ್ನು ತಟ್ಟಿ ತೋರಿಸುವುದನ್ನು ಮರೆಯಲಿಲ್ಲ.

ಇನ್ನು ಉಳಿ ಹುಡುಕಿ, ಜಾಗ ಹುಡುಕಿ, ಒಡೆದು, ಹಾಕಿಸುವಷ್ಟು ಹೊತ್ತಿರಲಿಲ್ಲ.

‘ಭಾವ, ಇರೋದ್ರಲ್ಲೇ ಹೋಗೋಣ’ ಎಂದಳು ನಾದಿನಿ. ‘ನಿಂತ್ರೆ ಅಲ್ಲಿಂದ ಓಡ್ತೀನಿ. ನಾನು ಶಾಲೇಲಿ ಓಟದಲ್ಲಿ ಫಸ್ಟು.’

ಆಯ್ತುಬಿಡಿಯವರು ಹೊರಟರು. ಏಸಿ ಆರಿಸಿದರು. ಇಳಿಜಾರಿನಲ್ಲಿ ಗೇರು ತೆಗೆದರು. ಮುಳ್ಳು ಕೆಳಗೆ ಬಿದ್ದು ಮಲಗಿತ್ತು. ಮಾವ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು, ಉತ್ತರ ಬಂದಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಯ ಪಕ್ಕ ಒಂದು ವ್ಯಾನು ಬಾನೆಟ್ ಎತ್ತಿಕೊಂಡು ನಿಂತಿತ್ತು. ಅದರ ಮುಂದೆ ಒಂದು ಟೆಂಪೋ ಕೆಮ್ಮುತ್ತಾ ನಿಂತಿತು. ಅದರ ಮುಂದೆ ಒಂದು ಜೀಪು. ಎಲ್ಲರೂ ತಮ್ಮ ತಮ್ಮ ಇಂಜಿನ್ನುಗಳೊಳಗೆ ತಲೆ ಹಾಕಿ ಒಂದೇ ಬಂಕಿನ ಹೆಸರು ಹಿಡಿದು ಬೈಯುತ್ತಿದ್ದರು. ಹಿಂದಿನ ದಿನದ ಜಡಿಮಳೆಗೆ, ಇವರು ಈಗಷ್ಟೇ ಬಿಟ್ಟು ಬಂದ ಆ ಬಂಕಿನ ನೆಲದಡಿಯ ಟ್ಯಾಂಕಿಗೆ ನೀರು ನುಗ್ಗಿತ್ತಂತೆ. ಬೆಳಗಿನಿಂದ ಬಂದವರಿಗೆಲ್ಲ ಡೀಸೆಲ್ಲಿನ ದರದಲ್ಲಿ ನೀರು ಹಂಚಿದ್ದರು. ಆಯ್ತುಬಿಡಿಯವರ ಕಚೇರಿಯೂ ಇಷ್ಟು ಚೆನ್ನಾಗಿ ನೀರು ಸರಬರಾಜು ಮಾಡಿದ ದಾಖಲೆ ಇಲ್ಲ.

ತಿರುವು ದಾಟಿದರೆ, ರಸ್ತೆಯ ನಟ್ಟನಡುವೆ ಸಾಹುಕಾರರ ಕರೀ ಗಾಡಿ! ಸಾಹುಕಾರರು ಚಕ್ರಕ್ಕೆ ಒದೆಯುತ್ತಿದ್ದರು. ಅವರ ಹೆಂಡತಿ ನೆರಳಿಗೆ ನಿಂತು, ‘ಒದ್ರೆ ಓಡುತ್ತೇನ್ರೀ, ಅದೇನು ಎಮ್ಮೇನಾ?’ ಎನ್ನುತ್ತಿದ್ದರು. ಮದುಮಗ ದಾರಿಯಲ್ಲಿ ಹೋಗುವ ಸೈಕಲ್ಲಿಗೂ ಕೈ ಅಡ್ಡ ಹಿಡಿಯುತ್ತಿದ್ದ.

ಆಯ್ತುಬಿಡಿಯವರು ಬ್ರೇಕ್ ಹಾಕಿದರು. ಜೀವನದಲ್ಲಿ ಮೊದಲ ಸಲ ಒಬ್ಬ ದೊಡ್ಡ ಮನುಷ್ಯನನ್ನು ಕಿಟಕಿಯೊಳಗೆ ಕೂತು ನೋಡುವ ಯೋಗ ಅವರಿಗೆ ಬಂದಿತ್ತು. ಅದನ್ನು ಒಂದು ಗಳಿಗೆ ಬಾಯಿ ಚಪ್ಪರಿಸಿ ಅನುಭವಿಸಿದರು.

‘ಡೀಸೆಲ್ಲಿನ ತಾಕತ್ತು ಹೇಗಿದೆ ಸಾಹುಕಾರ್ರೇ? ಹತ್ತಿ.’

ಹಿಂದಿನ ಸೀಟಿನಲ್ಲಿ ನಾಲ್ವರು ಒತ್ತಿ ಕೂತರು. ಸಾಹುಕಾರರ ಭಾರೀ ದೇಹಕ್ಕೆ ಅಲ್ಲಿ ಜಾಗ ಸಾಲದೆ ಅವರು ಸಾಮಾನಿಡುವ ಹಿಂಬದಿಯ ಜಾಗದಲ್ಲಿ ಸ್ಟೆಪ್ನಿಯ ಮೇಲೆ ಕೂರಬೇಕಾಯಿತು. ಕಾರು ಗುಡುಗುಡು ಎಂದು ಹೊರಟಿತು.

‘ಬ್ಯಾಟರಿ ಅಂತೀರಿ, ಇಷ್ಟೊಂದು ಸದ್ದು ಮಾಡುತ್ತಲ್ರೀ?’ ಎಂದು ಹಿಂದಿನಿಂದ ದನಿ ಬಂತು.

ಆಯ್ತುಬಿಡಿಯವರು ಹಾರನ್ ಒತ್ತಿದರು. ಉತ್ತರ ಕೊಟ್ಟವನು ಮದುಮಗ. ಅವನಿಗೆ ಮದುವೆ ಬೇಕಾಗಿತ್ತು, ಸತ್ಯ ಅಷ್ಟು ಅವಸರದಲ್ಲಿ ಬೇಕಾಗಿರಲಿಲ್ಲ. ‘ಸದ್ದು ಬೇಕೇ ಬೇಕು ದೊಡ್ಡಪ್ಪ. ಇಲ್ದಿದ್ರೆ ರಸ್ತೆ ದಾಟೋರಿಗೆ ಗಾಡಿ ಬರೋದು ಗೊತ್ತಾಗಲ್ವಲ್ಲ, ಅದಕ್ಕೆ ಸ್ಪೀಕರ್ ಇಟ್ಟಿರ್ತಾರೆ.’ ಆಯ್ತುಬಿಡಿಯವರಿಗೆ ಹುಡುಗನ ಮೇಲೆ ಅಂದು ಹುಟ್ಟಿದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ.

ನಾಲ್ಕು ರಸ್ತೆ ಕೂಡುವಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದ. ‘ಏನ್ರೀ ಇದು ಹೊಗೆ? ಊರಿಗೆಲ್ಲ ಮಸಿ ಬಳಿತಾ ಇದೀರಿ! ಇಳೀರಿ ಕೆಳಗೆ.’

ಇಳಿದರೆ ಕಥೆ ಮುಗಿಯಿತು. ಹನ್ನೆರಡಕ್ಕೆ ಇನ್ನೇನು ಸ್ವಲ್ಪ ಹೊತ್ತು. ಆಯ್ತುಬಿಡಿಯವರ ಕೈ ಬಾಗಿಲಿನ ಹಿಡಿಗೆ ಹೋಗುತ್ತಿತ್ತು, ಅಷ್ಟರಲ್ಲಿ ಸ್ಟೆಪ್ನಿಯ ಮೇಲಿನಿಂದ ಗರ್ಜನೆ ಕೇಳಿಸಿತು.

‘ಏನ್ ಸ್ವಾಮಿ, ಬ್ಯಾಟರಿ ಗಾಡೀನ ಹೊಗೆ ಅಂತ ಹಿಡೀತೀರಲ್ಲ, ಓದಿದೀರಾ ಇಲ್ವಾ? ಅದು ಹೊಗೆ ಅಲ್ಲ, ಬ್ಯಾಟರಿ ಕಾವು! ಸದ್ದಿಗೆ ಸ್ಪೀಕರ್ ಇದೆ. ಸುತ್ತ ನೋಡ್ರೀ, ಡೀಸೆಲ್ ಹಾಕೋಕೆ ತೂತಾದ್ರೂ ಇದೆಯಾ?’

ಪೊಲೀಸ್ ಕಾರನ್ನು ಒಂದು ಸುತ್ತು ಬಂದ. ತೂತು ಕಾಣಲಿಲ್ಲ. ಹಿಂದೆ ನಿಂತ ಗಾಡಿಗಳೆಲ್ಲ ಹಾರನ್ ಬಾರಿಸುತ್ತಿದ್ದವು, ಸುತ್ತ ಜನ ಸೇರಿದ್ದರು. ಅಷ್ಟು ಜನರೆದುರು ತನಗೆ ತಿಳಿಯದು ಎನ್ನಲು ಅವನಿಗೇನು ಹುಚ್ಚೇ?

‘ಗೊತ್ತು ಸಾರ್, ನನಗೆ ಗೊತ್ತಿಲ್ವಾ? ಮೇಲಿಂದ ಸುತ್ತೋಲೆ ಬಂದಿದೆ. ಸುಮ್ನೆ ನಿಮಗೆ ಗೊತ್ತಿದೆಯೋ ಇಲ್ವೋ ಅಂತ ನೋಡ್ದೆ’ ಎಂದು ಎದುರಿನ ಗಾಡಿಗಳನ್ನೆಲ್ಲ ತಡೆದು ಇವರಿಗೆ ದಾರಿ ಮಾಡಿಕೊಟ್ಟ. ಸೆಲ್ಯೂಟನ್ನೂ ಹೊಡೆದ.

ಆಮೇಲಿನದು ಒಂದು ಏರು. ಏರಿನ ನೆತ್ತಿಯಲ್ಲಿ ಇಂಜಿನ್ ಎರಡು ಸಲ ಬಿಕ್ಕಿ, ಒಂದು ಸಲ ನಡುಗಿ, ತಣ್ಣಗೆ ನಿಂತುಬಿಟ್ಟಿತು. ಆಯ್ತುಬಿಡಿಯವರ ಜೀವವೂ ಅದರ ಜೊತೆಗೇ ನಿಂತಿತು. ಆದರೆ ಚಕ್ರಗಳಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಅವು ನೆತ್ತಿ ದಾಟಿ ಇಳಿಜಾರಿಗೆ ಬಿದ್ದವು. ಕೆಳಗೆ ನೋಂದಣಿ ಕಚೇರಿಯ ಗೇಟು ಕಾಣುತ್ತಿತ್ತು. ಏಳು ಜನರ ಭಾರ ಹೊತ್ತ ಕೆನೆ ಬಣ್ಣದ ಕಾರು ಸದ್ದೇ ಇಲ್ಲದೆ, ಗಾಳಿಯಲ್ಲಿ ತೇಲಿದ ಹಾಗೆ ಇಳಿಯತೊಡಗಿತು.

‘ಆಹಾಹಾ!’ ಎಂದರು ಸಾಹುಕಾರರು. ‘ಸ್ಪೀಕರ್ ಆರಿಸಿದ್ರಾ? ಇದು ನೋಡಿ ಬ್ಯಾಟರಿ ಅಂದ್ರೆ! ಚಮಚದಲ್ಲಿ ನೀರು ಇಟ್ರೂ ಚೆಲ್ಲಲ್ಲ! ನಾನು ಆವಾಗ್ಲೇ ಹೇಳ್ಲಿಲ್ವಾ?’

ಗೇಟಿನೊಳಗೆ ನುಗ್ಗಿದ ಕಾರು ಮೆಟ್ಟಿಲ ಮುಂದೆ, ಬ್ರೇಕಿನ ಹಂಗೂ ಇಲ್ಲದೆ, ತಾನಾಗಿ ನಿಂತಿತು. ಮೇಲೆ ನೋಂದಣಿ ಅಧಿಕಾರಿ ಬೀಗದ ಕೈ ಹಿಡಿದು ಬಾಗಿಲು ಎಳೆಯುತ್ತಿದ್ದರು.

‘ಏಯ್! ನಿಲ್ಲಿಸ್ರೀ!’ ಎಂದು ಕೂಗಿಕೊಂಡು ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದವರು ಯಾರು? ಈ ಮದುವೆ ತಪ್ಪಿಸಲು ತುದಿಗಾಲಲ್ಲಿ ನಿಂತಿದ್ದ ಸಾಹುಕಾರರೇ. ‘ಹುಡುಗಿ ಬಂದಿದಾಳೆ! ಬ್ಯಾಟರಿ ಗಾಡೀಲಿ ಬಂದಿದೀವಿ ಸ್ವಾಮಿ, ಎಲ್ಲಾ ಡೀಸೆಲ್ ಗಾಡಿಗಳೂ ದಾರೀಲಿ ಬಿದ್ಕೊಂಡಿವೆ! ತೆಗೀರಿ ಬಾಗಿಲು!’

ಅಧಿಕಾರಿ ಗಡಿಯಾರ ನೋಡಿದರು, ಸಾಹುಕಾರರ ಮೈಕಟ್ಟು ನೋಡಿದರು, ಬಾಗಿಲು ತೆಗೆದರು. ಹುಡುಗ ಸಹಿ ಹಾಕಿದ. ಹುಡುಗಿ ಸಹಿ ಹಾಕಿದಳು. ಹೆಣ್ಣಿನ ಕಡೆಯಿಂದ ಮಾವ, ಗಂಡಿನ ಕಡೆಯಿಂದ ಸಾಹುಕಾರರು ಮತ್ತು ಅವರ ಹೆಂಡತಿ ಸಾಕ್ಷಿ ಹಾಕಿದರು. ನಾದಿನಿ ಭಾವನ ಕೈ ಹಿಡಿದುಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಯ್ತುಬಿಡಿಯವರು ‘ಆಯ್ತು, ಆಯ್ತು...’ ಎಂದರೇ ಹೊರತು ಮುಂದಿನ ಪದ ಹೊರಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸುಖವಾಗಿತ್ತು. ಹೊರಗೆ ಬಂದ ಸಾಹುಕಾರರು, ಕಾದಿದ್ದ ಮದುಮಗನ ಗೆಳೆಯರ ಗುಂಪಿನ ಮುಂದೆ ಕೈ ಎತ್ತಿ ಘೋಷಿಸಿದರು. ‘ಗಂಡು ಹೆಣ್ಣು ಮನೆಗೆ ಹೋಗೋದು ಈ ಬ್ಯಾಟರಿ ಗಾಡೀಲೇ! ಬೇರೆ ಗಾಡಿ ತಂದವರ ಕಾಲು ಮುರೀತೀನಿ!’

ಗಂಡು ಹೆಣ್ಣು ಹಿಂದೆ ಕೂತರು. ಮಾವ ಮುಂದೆ ಕೂತರು. ಆಯ್ತುಬಿಡಿಯವರು ಕೀಲಿ ತಿರುಗಿಸಿದರು. ಕಾರು ‘ಕೊರ್ ಕೊರ್’ ಎಂದು ಗೊರಕೆ ಹೊಡೆಯಿತು. ಮತ್ತೆ ತಿರುಗಿಸಿದರು. ಮತ್ತೆ ಗೊರಕೆ. ಸುತ್ತ ನಿಂತ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾಹುಕಾರರು ಕಿಟಕಿಗೆ ಬಗ್ಗಿದರು. ‘ಏನ್ರೀ, ಚಾರ್ಜ್ ಮುಗೀತಾ?’

ಒಂದು ಕ್ಷಣ ಆಯ್ತುಬಿಡಿಯವರು ಹಿಂದೆ ತಿರುಗಿ ನಾದಿನಿಯನ್ನು ನೋಡಿದರು, ಪಕ್ಕದಲ್ಲಿ ಮಾವನನ್ನು ನೋಡಿದರು, ಮುಂದೆ ಗೇಟಿನಾಚೆಗಿನ ಉದ್ದನೆಯ ಸಮತಟ್ಟು ರಸ್ತೆಯನ್ನು ನೋಡಿದರು. ಸಹಿಯೆಲ್ಲ ಆಗಿದೆ. ಸಾಕ್ಷಿ ಬಿದ್ದಿದೆ. ಇನ್ನು ಹೆದರುವುದಕ್ಕೆ ಉಳಿದಿರುವುದಾದರೂ ಏನು? ಅವರ ಬೆನ್ನು ನೆಟ್ಟಗಾಯಿತು.

‘ಮುಗಿದಿದೆ ಸಾಹುಕಾರ್ರೇ. ಆದ್ರೆ ಇದಕ್ಕೆ ಪ್ಲಗ್ಗು ವೈರು ಏನೂ ಬೇಕಾಗಿಲ್ಲ. ಚಕ್ರ ತಿರುಗಿದ ಹಾಗೆಲ್ಲ ಚಾರ್ಜ್ ಆಗುತ್ತೆ. ಸ್ವಲ್ಪ ತಳ್ಳಿದ್ರೆ ಸಾಕು.’

‘ಎಲ್ಲಿವರೆಗೆ?’

‘ಮನೆವರೆಗೆ.’

‘ಕೇಳಿದ್ರೇನ್ರೋ? ತಳ್ರೋ!’ ಎಂದು ಸಾಹುಕಾರರು ತೋಳು ಮಡಿಸಿದರು. ಗೆಳೆಯರು ಕೈ ಹಚ್ಚಿದರು, ಕಚೇರಿಯ ಜವಾನ ಕೈ ಹಚ್ಚಿದ. ನೋಂದಣಿ ಅಧಿಕಾರಿ ಕೂಡ, ಹೊಸ ಯಂತ್ರವನ್ನು ಮುಟ್ಟಿದಂತಾಗಲಿ ಎಂದು, ರಜಾ ಮರೆತು ಒಂದು ಕೈ ಹಚ್ಚಿದರು. ಹೆಂಡತಿ ಮತ್ತು ಸಾಹುಕಾರರ ಹೆಂಡತಿ ಪಕ್ಕದಲ್ಲಿ ಹರಟುತ್ತಾ ನಡೆದರು. ಆಯ್ತುಬಿಡಿಯವರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಮೊಣಕೈಯನ್ನು ಕಿಟಕಿಯ ಮೇಲೆ ಊರಿ, ಮೇಲಧಿಕಾರಿಗಳು ಕಚೇರಿಗೆ ಬರುವ ಠೀವಿಯಲ್ಲಿ ಬೀದಿಯ ಎರಡೂ ಕಡೆ ನೋಡುತ್ತಾ ಸಾಗಿದರು. ‘ಸ್ವಲ್ಪ ಜೋರಾಗಿ ಸಾಹುಕಾರ್ರೇ, ಬಲಗಡೆ ಚಾರ್ಜ್ ಕಡಿಮೆ ಇದೆ’ ಎಂದು ಆಗಾಗ ಹಿಂದಕ್ಕೆ ಕೂಗುವುದನ್ನೂ ಕಲಿತರು.

ಅಂಗಡಿ ಬಾಗಿಲಲ್ಲಿ ನಿಂತಿದ್ದ ಒಬ್ಬ ಹಾರ್ಡ್‌ವೇರಿನವನು ಕನಿಕರದಿಂದ ಕೇಳಿದ. ‘ಪಾಪ, ಡೀಸೆಲ್ ಖಾಲಿ ಆಯ್ತಾ ಸಾರ್?’

ಸಾಹುಕಾರರಿಗೆ ರೇಗಿಹೋಯಿತು. ಬೆವರು ಸುರಿಯುತ್ತಿದ್ದ ಮುಖವನ್ನು ಎತ್ತಿ, ಕಾರನ್ನು ಬಿಡದೆಯೇ ಗುಡುಗಿದರು. ‘ಡೀಸೆಲ್ಲಾ? ಬಾರಯ್ಯ ಇಲ್ಲಿ! ಈ ಕಾರಲ್ಲಿ ಒಂದು ಹನಿ ಡೀಸೆಲ್ ತೋರಿಸು, ನನ್ನ ಟಿಂಬರ್ ಡಿಪೋ ನಿನ್ನ ಹೆಸರಿಗೆ ಬರೆದುಕೊಡ್ತೀನಿ!’

ಮುಂದಿನ ಕಿಟಕಿಯಿಂದ ಮಾವನ ತಲೆ ಹೊರಗೆ ಬಂತು. ಬೆಳಗಿನಿಂದ ಬಿಗಿ ಹಿಡಿದಿದ್ದ ಅವರ ಮುಖ ಈಗ ಅರಳಿತ್ತು. ಬೀದಿಗೆಲ್ಲ ಕೇಳುವಂತೆ, ತರಗತಿಯ ಹಳೆಯ ದನಿಯಲ್ಲಿ ಕೂಗಿದರು:

‘ಸತ್ಯ! ಅಪ್ಪಟ ಸತ್ಯ! ಇದಕ್ಕೆ ಎಲ್ಲಿ ಕರೆದರೂ ಬಂದು ನಾನು ಸಾಕ್ಷಿ ಹೇಳ್ತೀನಿ!’